6.2 ಗಿಗಾಹರ್ಟ್ಸ್ ಚಿಪ್ಪು 5.2ಕ್ಕೆ ಸೋತಿದ್ದು ಹೇಗೆ?

ಇಂಟೆಲ್‌ನ ಕೋರ್ ಐ9-14900ಕೆಎಸ್ ಬಂದಿದ್ದು 2024ರ ಮಾರ್ಚ್‌ನಲ್ಲಿ. ಪೆಟ್ಟಿಗೆ ಮೇಲಿನ ಅಂಕಿ 6.2 ಗಿಗಾಹರ್ಟ್ಸ್. ಮನೆ ಕಂಪ್ಯೂಟರಿನ ಚಿಪ್ಪಿಗೆ ಅಷ್ಟು ದೊಡ್ಡ ಅಂಕಿ ಅದಕ್ಕೂ ಮುಂಚೆ ಇರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಎದುರಾಳಿ ಕಂಪನಿ ಎಎಂಡಿ ತನ್ನ ರೈಜೆನ್ 7 9800ಎಕ್ಸ್3ಡಿ ತಂತು. ಇದರ ಗರಿಷ್ಠ ವೇಗ 5.2, ಅಂದರೆ ಪೂರ್ತಿ ಒಂದು ಗಿಗಾಹರ್ಟ್ಸ್ ಕಮ್ಮಿ. ಕೋರ್‌ಗಳೂ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕಗಳು) ಕಮ್ಮಿ: ಅಲ್ಲಿ 24, ಇಲ್ಲಿ ಬರೀ 8. ಆದರೂ ಹತ್ತಾರು ಗೇಮ್‌ಗಳನ್ನು ಓಡಿಸಿ ಸರಾಸರಿ ತೆಗೆದಾಗ ಗೆದ್ದಿದ್ದು 5.2ರ ಚಿಪ್ಪು, ಅದೂ ಕೂದಲೆಳೆಯ ಅಂತರದಲ್ಲಿ ಅಲ್ಲ.

ಹಾಗಾದರೆ ಗಿಗಾಹರ್ಟ್ಸ್ ಅಂಕಿ ಸುಳ್ಳಾ? ಸುಳ್ಳಲ್ಲ, ಅರ್ಧ ಲೆಕ್ಕ ಅಷ್ಟೇ. ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಬಡಿತ. ಚಿಪ್ಪಿನೊಳಗಿನ ಕೆಲಸವೆಲ್ಲ ಈ ಬಡಿತದ ತಾಳಕ್ಕೇ ನಡೆಯುತ್ತದೆ. ಆದರೆ ಒಂದೊಂದು ಬಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಅನ್ನೋದು ಚಿಪ್ಪಿನಿಂದ ಚಿಪ್ಪಿಗೆ ಬೇರೆ, ಅದೇ ಚಿಪ್ಪಿನಲ್ಲೂ ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ಬೇರೆ. ಈ ಎರಡನ್ನೂ ಗುಣಿಸಿದರೆ ಸಿಗುವುದು ನಿಜವಾದ ವೇಗ. ಎರಡನೇ ಅಂಕಿಯನ್ನು ಪೆಟ್ಟಿಗೆ ಮೇಲೆ ಅಚ್ಚು ಹಾಕಲು ಆಗುವುದಿಲ್ಲ, ಯಾಕೆಂದರೆ ಅದು ನಿಂತಲ್ಲಿ ನಿಲ್ಲುವ ಅಂಕಿಯೇ ಅಲ್ಲ. ಮೊದಲನೆಯದು ಸುಲಭವಾಗಿ ಅಚ್ಚಾಗುತ್ತದೆ, ಸುಲಭವಾಗಿ ಮಾರಾಟವಾಗುತ್ತದೆ. ಅದಕ್ಕೇ ಕಾಲು ಶತಮಾನದಿಂದ ಎರಡೂ ಕಂಪನಿಗಳು ಅದರ ಹಿಂದೆ ಓಡುತ್ತಲೇ ಇವೆ. ಅತಿಯಾಗಿ ಓಡಿದಾಗಲೆಲ್ಲ ಎಡವಿ ಬಿದ್ದಿವೆ. ಬಿದ್ದ ಪೆಟ್ಟು ಮಾತ್ರ ಜಾಸ್ತಿ ಸಲ ಆಗಿದ್ದು ಕೊಂಡವರಿಗೆ.

ಶುರುವಿನಿಂದ ನೋಡೋಣ. 2000ನೇ ಇಸವಿಯ ಮಾರ್ಚ್ 6ರಂದು ಎಎಂಡಿ ಒಂದು ಗಿಗಾಹರ್ಟ್ಸ್‌ನ ಅಥ್ಲಾನ್ ಚಿಪ್ಪನ್ನು ಘೋಷಿಸಿತು. ಇಂಟೆಲ್ ಎರಡೇ ದಿನ ಬಿಟ್ಟು, ಮಾರ್ಚ್ 8ಕ್ಕೆ, ತನ್ನ ಒಂದು ಗಿಗಾಹರ್ಟ್ಸ್ ಪೆಂಟಿಯಂ 3 ತಂದಿತು. ಎಷ್ಟೋ ವರ್ಷ ಇಂಟೆಲ್ ಚಿಪ್ಪುಗಳದೇ ನಕಲು ತಯಾರಿಸಿಕೊಂಡಿದ್ದ ಚಿಕ್ಕ ಕಂಪನಿಯೊಂದು ದೊಡ್ಡಣ್ಣನಿಗಿಂತ ಮೊದಲು ಗೆರೆ ಮುಟ್ಟಿತ್ತು, ಅದಕ್ಕೇ ಅಷ್ಟೊಂದು ಸುದ್ದಿ. ಸುದ್ದಿಯಲ್ಲಿ ಬಾರದೆ ಹೋದದ್ದು ಇನ್ನೊಂದಿತ್ತು. ಆ ಅಥ್ಲಾನ್‌ನಲ್ಲಿ ಕೋರ್ ಒಂದು ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೂ ಅದಕ್ಕೆ ಡೇಟಾ ಕೊಡಬೇಕಾದ ಎಲ್2 ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಹತ್ತಿರದಲ್ಲೇ ಇಟ್ಟುಕೊಳ್ಳುವ ಸಣ್ಣ ಮೆಮೊರಿ) ಓಡುತ್ತಿದ್ದದ್ದು ಅದರ ಮೂರನೇ ಒಂದು ಭಾಗದ ವೇಗದಲ್ಲಿ! ಕ್ಯಾಶ್ ಬೇರೆ ಚಿಪ್ಪುಗಳಲ್ಲಿ ಕೂತಿತ್ತು, ಅದಕ್ಕೆ ಅಷ್ಟು ವೇಗ ತಾಳುತ್ತಿರಲಿಲ್ಲ. ಇಂಟೆಲ್‌ನ ಚಿಪ್ಪಿನಲ್ಲಿ ಕ್ಯಾಶ್ ಚಿಕ್ಕದು, ಆದರೆ ಒಳಗೇ ಇತ್ತು, ಕೋರ್‌ನ ವೇಗದಲ್ಲೇ ಓಡುತ್ತಿತ್ತು. ಕೋರ್ ಎಷ್ಟು ಬೇಗ ಬಡಿಯುತ್ತದೆ ಅನ್ನೋದೊಂದು, ಬಡಿಯುತ್ತಾ ಸುಮ್ನೆ ಎಷ್ಟು ಹೊತ್ತು ಕಾಯುತ್ತದೆ ಅನ್ನೋದು ಇನ್ನೊಂದು. ಇವತ್ತಿನ ಜಗಳದ ಬೀಜ ಅವತ್ತೇ ಅಲ್ಲಿತ್ತು.

ಸೋತ ಸಿಟ್ಟಿಗೋ ಏನೋ, ಇಂಟೆಲ್ ಅದೇ ಜುಲೈ ಕೊನೆಗೆ ಪೆಂಟಿಯಂ 3 ಅನ್ನು 1.13 ಗಿಗಾಹರ್ಟ್ಸ್‌ಗೆ ಎಳೆದು ಮಾರುಕಟ್ಟೆಗೆ ಬಿಟ್ಟಿತು. ವಿಮರ್ಶಕರು ಅದರಲ್ಲಿ ಲಿನಕ್ಸ್ ಕರ್ನಲ್ ಕಂಪೈಲ್ ಮಾಡಲು (ಅಂದರೆ ಆ ಆಪರೇಟಿಂಗ್ ಸಿಸ್ಟಂನ ತಿರುಳಿನ ಕೋಡನ್ನು ಯಂತ್ರದ ಭಾಷೆಗೆ ಇಳಿಸಲು) ಹೋದರೆ ಮುಗಿಯುತ್ತಲೇ ಇರಲಿಲ್ಲ, ಮಧ್ಯದಲ್ಲೇ ಕೈ ಕೊಡುತ್ತಿತ್ತು. ಆಗಸ್ಟ್ ಮುಗಿಯುವ ಮೊದಲೇ ಇಂಟೆಲ್ ಅಷ್ಟೂ ಚಿಪ್ಪುಗಳನ್ನು ವಾಪಸ್ ಕರೆಸಿಕೊಂಡಿತು. ಈ ಘಟನೆ ನೆನಪಿಟ್ಟುಕೊಳ್ಳಿ, 24 ವರ್ಷ ಬಿಟ್ಟು ಇದೇ ನಾಟಕ ಮತ್ತೆ ಆಡಿದೆ.

ಆಮೇಲೆ ಬಂತು ಪೆಂಟಿಯಂ 4. ಇದು ಗಿಗಾಹರ್ಟ್ಸ್ ಅಂಕಿ ಏರಿಸಲಿಕ್ಕೆಂದೇ ಕಟ್ಟಿದ ಚಿಪ್ಪು ಅಂದರೆ ತಪ್ಪಾಗಲಾರದು. ಒಂದು ಆದೇಶವನ್ನು ಪೂರೈಸುವ ಕೆಲಸವನ್ನು ಚಿಪ್ಪು ಹಂತ ಹಂತವಾಗಿ ಒಡೆದುಕೊಳ್ಳುತ್ತದೆ, ಇದಕ್ಕೆ ಪೈಪ್‌ಲೈನ್ ಅನ್ನುತ್ತಾರೆ. ಹಂತಗಳು ಜಾಸ್ತಿಯಾದಷ್ಟೂ ಒಂದೊಂದು ಹಂತದ ಕೆಲಸ ಸಣ್ಣದಾಗುತ್ತದೆ, ಸಣ್ಣದಾದಷ್ಟೂ ಬಡಿತ ಬೇಗ ಮಾಡಬಹುದು. ಪೆಂಟಿಯಂ 3ರಲ್ಲಿ ಇಂಥ 10 ಹಂತಗಳಿದ್ದವು. ಪೆಂಟಿಯಂ 4ರಲ್ಲಿ 20 ಆದವು. 2004ರಲ್ಲಿ ಬಂದ ಪ್ರೆಸ್ಕಾಟ್ ಆವೃತ್ತಿಯಲ್ಲಿ 31! ತೊಂದರೆ ಏನಪ್ಪಾ ಅಂದರೆ, ಪ್ರೋಗ್ರಾಮಿನಲ್ಲಿ 'ಹೀಗಿದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ' ಅನ್ನುವ ತಿರುವುಗಳು ಹೆಜ್ಜೆಗೊಂದು ಬರುತ್ತವೆ. ಉತ್ತರ ಬರುವವರೆಗೆ ಕಾಯಲಾಗದ ಚಿಪ್ಪು ಒಂದು ಕಡೆ ಊಹೆ ಮಾಡಿ ಮುಂದೆ ನುಗ್ಗಿಬಿಡುತ್ತದೆ. ಊಹೆ ತಪ್ಪಿತೋ, ಪೈಪ್‌ಲೈನಿನಲ್ಲಿ ತುಂಬಿಕೊಂಡಿದ್ದ ಕೆಲಸವನ್ನೆಲ್ಲ ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು. ಪೈಪ್ ಉದ್ದವಾದಷ್ಟೂ ಚೆಲ್ಲುವುದು ಜಾಸ್ತಿ. ಹೀಗಾಗಿ ಮೊದಮೊದಲ 1.5 ಗಿಗಾಹರ್ಟ್ಸ್ ಪೆಂಟಿಯಂ 4 ಕೆಲವು ಕೆಲಸಗಳಲ್ಲಿ ಒಂದು ಗಿಗಾಹರ್ಟ್ಸ್‌ನ ಪೆಂಟಿಯಂ 3ರ ಮುಂದೆಯೇ ಮಂಕಾಯಿತು.

ಅಂಗಡಿಗೆ ಹೋದವರಿಗೆ ಇದೆಲ್ಲ ಯಾಕೆ ಬೇಕು, ದೊಡ್ಡ ಅಂಕಿ ಇದ್ದದ್ದು ಒಳ್ಳೇದು ಅಂದುಕೊಳ್ಳುತ್ತಿದ್ದರು. ಎಎಂಡಿ ಇದಕ್ಕೆ ಮಾಡಿದ ಉಪಾಯ ಸ್ವಲ್ಪ ನಗು ತರಿಸುತ್ತದೆ. 2001ರಲ್ಲಿ ಅಥ್ಲಾನ್ ಎಕ್ಸ್‌ಪಿ ತಂದಾಗ ಗಿಗಾಹರ್ಟ್ಸ್ ಬರೆಯುವುದನ್ನೇ ಬಿಟ್ಟು '1800+' ಅಂತ ಹೆಸರಿಟ್ಟಿತು. ಒಳಗಿನ ಕ್ಲಾಕ್, ಅಂದರೆ ಬಡಿತದ ವೇಗ, ಇದ್ದದ್ದು 1.53 ಗಿಗಾಹರ್ಟ್ಸ್. ಆ ಸಂಖ್ಯೆ ನಮ್ಮದೇ ಹಳೇ ಅಥ್ಲಾನ್‌ಗೆ ಹೋಲಿಸಿ ಕೊಟ್ಟಿದ್ದು ಅಂತ ಕಂಪನಿ ಹೇಳುತ್ತಿತ್ತು, ಆದರೆ ಅದು 1.8 ಗಿಗಾಹರ್ಟ್ಸ್ ಪೆಂಟಿಯಂ 4ರ ಕಡೆ ಬೆರಳು ತೋರಿಸುತ್ತಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಗಿಗಾಹರ್ಟ್ಸ್‌ನ್ನು ನಂಬಬೇಡಿ ಅಂತ ಹೇಳಲಿಕ್ಕೂ ಗಿಗಾಹರ್ಟ್ಸ್ ಥರ ಕಾಣುವ ಅಂಕಿಯೇ ಬೇಕಾಯಿತು!

ಇಂಟೆಲ್‌ನ ಓಟ ನಿಂತಿದ್ದು ಎದುರಾಳಿಯಿಂದ ಅಲ್ಲ, ಬಿಸಿಯಿಂದ. ಇಲ್ಲಿ ಸ್ವಲ್ಪ ಲೆಕ್ಕ ನೋಡಬೇಕು. ಚಿಪ್ಪು ನುಂಗುವ ವಿದ್ಯುತ್ತು ಬಡಿತದ ಜೊತೆ ಏರುತ್ತದೆ, ಅದರ ಮೇಲೆ ವೋಲ್ಟೇಜ್‌ನ ವರ್ಗದ ಜೊತೆಯೂ ಏರುತ್ತದೆ. ಬಡಿತವನ್ನು ಮಿತಿ ಮೀರಿ ಏರಿಸಬೇಕಾದರೆ ವೋಲ್ಟೇಜ್ ಕೂಡ ಏರಿಸಲೇಬೇಕು. ಎರಡನ್ನೂ ಶೇ. 10ರಷ್ಟು ಏರಿಸಿದಿರಿ ಅಂತಿಟ್ಟುಕೊಳ್ಳಿ: 1.1ನ್ನು ಮೂರು ಸಲ ಗುಣಿಸಿದರೆ 1.33. ಶೇ. 10 ವೇಗಕ್ಕೆ ಶೇ. 33 ವಿದ್ಯುತ್ತು, ಅಷ್ಟೇ ಬಿಸಿ. ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲೇ ಒಂದು ಸೂತ್ರ ಹೇಳಿದ್ದರು: ಟ್ರಾನ್ಸಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚು) ಸಣ್ಣದಾದ ಹಾಗೆ ಅದಕ್ಕೆ ಬೇಕಾದ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಅಷ್ಟೇ ಜಾಗದಲ್ಲಿ ಬಿಸಿ ಏರದೆ ವೇಗ ಏರಿಸಬಹುದು. ಮೂರು ದಶಕ ಉದ್ಯಮವೆಲ್ಲ ಬದುಕಿದ್ದು ಈ ಸೂತ್ರದ ಮೇಲೆ. 2004ರ ಆಸುಪಾಸಿಗೆ ಅದು ಕೈ ಕೊಟ್ಟಿತು. ಟ್ರಾನ್ಸಿಸ್ಟರ್ ಸಣ್ಣದಾಗುತ್ತಲೇ ಹೋಯಿತು, ವೋಲ್ಟೇಜ್ ಮಾತ್ರ ಇಳಿಯಲು ಒಪ್ಪಲಿಲ್ಲ. ಜಾಸ್ತಿ ಇಳಿಸಿದರೆ ಟ್ರಾನ್ಸಿಸ್ಟರ್ ಆಫ್ ಇದ್ದಾಗಲೂ ಕರೆಂಟ್ ಸೋರುತ್ತದೆ.

ಪೆಂಟಿಯಂ 4 ಮುಂದೆ 10 ಗಿಗಾಹರ್ಟ್ಸ್ ಮುಟ್ಟುತ್ತದೆ ಅನ್ನುವ ಮಾತಿತ್ತು. ಅದು 3.8ಕ್ಕೇ ನಿಂತಿತು. ಮುಂದಿನ ಚಿಪ್ಪಾಗಬೇಕಿದ್ದ ತೇಹಾಸ್ 2004ರ ಮೇನಲ್ಲಿ ರದ್ದಾಯಿತು, ಅಕ್ಟೋಬರ್‌ನಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ 4 ಕೂಡ ರದ್ದು. ಅವತ್ತಿನ ಇಂಟೆಲ್ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ತುಂಬಿದ ಸಭೆಯ ಮುಂದೆ, ವೇದಿಕೆ ಮೇಲೆ, ತಮಾಷೆಗೋ ನಿಜಕ್ಕೋ ಮಂಡಿಯೂರಿ ಕ್ಷಮೆ ಕೇಳಿದರು. 2006ರ ಜುಲೈನಲ್ಲಿ ಅದೇ ಇಂಟೆಲ್ ತಂದ ಕೋರ್ 2 ಡ್ಯುಯೋ 2.4 ಗಿಗಾಹರ್ಟ್ಸ್‌ನಲ್ಲೇ 3.8ರ ಪೆಂಟಿಯಂ 4ನ್ನು ಸಲೀಸಾಗಿ ಹಿಂದೆ ಹಾಕಿತು. ಅದರ ಮೂಲ ಎಲ್ಲಿ ಅಂತೀರಿ? ಲ್ಯಾಪ್‌ಟಾಪಿಗೆಂದು ಇಸ್ರೇಲ್‌ನ ತಂಡ ಕಟ್ಟಿದ್ದ, ಹಳೇ ಪೆಂಟಿಯಂ 3ರ ವಂಶದ ಚಿಪ್ಪು.

ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದ ಎಎಂಡಿ ಪಾಠ ಕಲಿತಿರಬೇಕು ಅಂದುಕೊಂಡರೆ, ಇಲ್ಲ. 2011ರಲ್ಲಿ ಬುಲ್ಡೋಜರ್ ಅಂತ ತಂದು ಅದೇ ಹೊಂಡಕ್ಕೆ ಬಿತ್ತು. ಉದ್ದದ ಪೈಪ್‌ಲೈನ್, ಎತ್ತರದ ಕ್ಲಾಕ್. ದ್ರವ ಹೀಲಿಯಂ ಸುರಿದು 8.4 ಗಿಗಾಹರ್ಟ್ಸ್ ದಾಟಿಸಿ ಗಿನ್ನೆಸ್ ದಾಖಲೆಯೂ ಆಯಿತು. ದಿನನಿತ್ಯದ ಕೆಲಸದಲ್ಲಿ ಮಾತ್ರ ಒಂದು ಕೋರ್‌ಗೆ ಒಂದು ಕೋರ್ ಇಟ್ಟು ನೋಡಿದರೆ ಕೆಲವು ಕಡೆ ಎಎಂಡಿಯ ಹಿಂದಿನ ಫಿನಮ್ 2ಕ್ಕೇ ಸೋಲುತ್ತಿತ್ತು. 2013ರಲ್ಲಿ ಎಫ್ಎಕ್ಸ್-9590 ಅಂತ 5 ಗಿಗಾಹರ್ಟ್ಸ್ ಚಿಪ್ಪನ್ನೂ ತಂದರು, 220 ವ್ಯಾಟ್‌ನದು. ಕಂಪನಿ ಆಮೇಲೆ ಎಷ್ಟು ಕಷ್ಟಪಟ್ಟಿತು ಅಂದರೆ 2017ರಲ್ಲಿ ರೈಜೆನ್ ಬರುವ ತನಕ ಇಂಟೆಲ್‌ಗೆ ಎದುರಾಳಿಯೇ ಇಲ್ಲ ಅನ್ನುವ ಹಾಗಿತ್ತು. ಆ ರೈಜೆನ್ ಗೆದ್ದಿದ್ದೂ ಕ್ಲಾಕ್‌ನಿಂದಲ್ಲ. ಬಡಿತಕ್ಕೆ ಜಾಸ್ತಿ ಕೆಲಸ, ಇಂಟೆಲ್ ನಾಲ್ಕು ಕೋರ್ ಕೊಡುತ್ತಿದ್ದ ಕಡೆ ಎಂಟು ಕೋರ್, ಅದರಿಂದ.

ಈಗ 2024ಕ್ಕೆ ಬರೋಣ. ಎಎಂಡಿ ತೈವಾನ್‌ನ ಟಿಎಸ್ಎಂಸಿಯಲ್ಲಿ ಚಿಪ್ಪು ಮಾಡಿಸಿ ಟ್ರಾನ್ಸಿಸ್ಟರ್‌ನಲ್ಲಿ ಮುಂದೆ ಹೋಗಿತ್ತು. ಇಂಟೆಲ್‌ನ ಸ್ವಂತ ಕಾರ್ಖಾನೆಗಳು ವರ್ಷಗಟ್ಟಲೆ ಹಿಂದೆ ಬಿದ್ದಿದ್ದವು. ಕೈಯಲ್ಲಿ ಉಳಿದ ಅಸ್ತ್ರ ಅದೇ ಹಳೇದು: ಕ್ಲಾಕ್ ಏರಿಸು. 2023ರ ಜನವರಿಯಲ್ಲಿ 13900ಕೆಎಸ್ 6 ಗಿಗಾಹರ್ಟ್ಸ್ ಮುಟ್ಟಿತು, ಮುಂದಿನ ವರ್ಷ 14900ಕೆಎಸ್ 6.2. ಅಷ್ಟರಲ್ಲಿ 13 ಮತ್ತು 14ನೇ ತಲೆಮಾರಿನ ಚಿಪ್ಪು ಕೊಂಡವರ ಗೇಮ್‌ಗಳು ತಾವಾಗೇ ಬಂದ್ ಆಗತೊಡಗಿದ್ದವು. ಪರದೆ ಮೇಲೆ ಬರುತ್ತಿದ್ದ ಸಂದೇಶ ಏನು ಗೊತ್ತಾ? ವಿಡಿಯೋ ಮೆಮೊರಿ ಸಾಲುತ್ತಿಲ್ಲ ಅಂತ. ಜನ ಪಾಪ ಗ್ರಾಫಿಕ್ಸ್ ಕಾರ್ಡ್ ಬೈದುಕೊಂಡರು, ಡ್ರೈವರ್ ಬದಲಿಸಿದರು. ಗ್ರಾಫಿಕ್ಸ್ ಕಾರ್ಡ್ ಚೆನ್ನಾಗೇ ಇತ್ತು. ಗೇಮ್ ಶುರುವಾಗುವಾಗ ಒತ್ತಿ ಸಣ್ಣದು ಮಾಡಿಟ್ಟ ಶೇಡರ್ (ಪರದೆಯ ಚಿತ್ರಕ್ಕೆ ಬೆಳಕು, ಬಣ್ಣ ಕೊಡುವ ಪ್ರೋಗ್ರಾಮು) ಕಡತಗಳನ್ನು ಬಿಡಿಸುವ ಕೆಲಸ ಪ್ರೊಸೆಸರ್‌ನದು. ಆ ಭಾರ ಬಿದ್ದಾಗ ಚಿಪ್ಪು ಲೆಕ್ಕ ತಪ್ಪುತ್ತಿತ್ತು. ಅವತ್ತು ಕರ್ನಲ್ ಕಂಪೈಲ್, ಇವತ್ತು ಶೇಡರ್.

ತಿಂಗಳುಗಟ್ಟಲೆ ಹುಡುಕಾಟದ ನಂತರ ಇಂಟೆಲ್ ಕೊಟ್ಟ ಕಾರಣ ಓದಿದರೆ ವಿಚಿತ್ರ ಅನ್ನಿಸುತ್ತದೆ. ಜಾಸ್ತಿ ವೋಲ್ಟೇಜ್ ಮತ್ತು ಬಿಸಿಗೆ ಕೋರ್‌ನೊಳಗೆ ಬೇಗ ಸವೆದು ಹೋಗುತ್ತಿದ್ದದ್ದು ಕ್ಲಾಕ್ ಹಂಚುವ ಸರ್ಕ್ಯೂಟೇ. ಯಾವ ಬಡಿತವನ್ನು ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿದ್ದರೋ ಅದನ್ನು ಹೊತ್ತು ಸಾಗಿಸುವ ದಾರಿಯೇ ಮುಪ್ಪಾಗುತ್ತಿತ್ತು! ಆಗಸ್ಟ್‌ನಲ್ಲಿ ಬಂದ ಮೈಕ್ರೋಕೋಡ್ (ಚಿಪ್ಪಿನೊಳಗಿನ ನಿಯಂತ್ರಣ ತಂತ್ರಾಂಶ) ಚಿಪ್ಪು 1.55 ವೋಲ್ಟ್‌ಗಿಂತ ಜಾಸ್ತಿ ಕೇಳದ ಹಾಗೆ ಕಡಿವಾಣ ಹಾಕಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಆಗಲೇ ಸವೆದಿದ್ದ ಚಿಪ್ಪು ಮಾತ್ರ ಯಾವ ಮೈಕ್ರೋಕೋಡ್‌ಗೂ ಸರಿಹೋಗುವುದಿಲ್ಲ, ಬದಲಿಸಲೇಬೇಕು. ಮದರ್‌ಬೋರ್ಡ್ ಕಂಪನಿಗಳ ಪಾಲೂ ಇಲ್ಲಿ ಇದೆ ಅನ್ನಿ. ನಮ್ಮ ಬೋರ್ಡ್ ಪಕ್ಕದವರ ಬೋರ್ಡಿಗಿಂತ ಒಂದಿಷ್ಟು ಜಾಸ್ತಿ ಸ್ಕೋರ್ ತೋರಿಸಲಿ ಅಂತ ವಿದ್ಯುತ್ ಮಿತಿಗಳನ್ನು ಮೊದಲಿನಿಂದಲೇ ಸಡಿಲ ಬಿಟ್ಟು ಮಾರುತ್ತಿದ್ದವು.

ಇಂಟೆಲ್‌ಗೆ ಮಾತ್ರ ಬೈದರೆ ನ್ಯಾಯವಲ್ಲ. 2019ರಲ್ಲಿ ಎಎಂಡಿಯ ರೈಜೆನ್ 3000 ಚಿಪ್ಪುಗಳಲ್ಲಿ ಬಹಳಷ್ಟು ಪೆಟ್ಟಿಗೆ ಮೇಲೆ ಬರೆದ ಬೂಸ್ಟ್ (ಗರಿಷ್ಠ) ವೇಗ ಮುಟ್ಟುತ್ತಲೇ ಇರಲಿಲ್ಲ, ಸೆಪ್ಟೆಂಬರ್‌ನಲ್ಲಿ ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಕೊಟ್ಟು ಸರಿಮಾಡಬೇಕಾಯಿತು. 2023ರಲ್ಲಿ ಕೆಲವು ರೈಜೆನ್ 7000ಎಕ್ಸ್3ಡಿ ಚಿಪ್ಪುಗಳು ವೋಲ್ಟೇಜ್ ಜಾಸ್ತಿಯಾಗಿ ಸುಟ್ಟೇ ಹೋದವು.

ಸರಿ, 5.2 ಗೆದ್ದಿದ್ದು ಹೇಗೆ ಅನ್ನೋದಕ್ಕೆ ಬರೋಣ. ಉತ್ತರ ಇರೋದು ಕಾಯುವುದರಲ್ಲಿ. ಕೋರ್‌ಗೆ ಬೇಕಾದ ಡೇಟಾ ಹತ್ತಿರದ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ರ್‍ಯಾಮ್‌ಗೆ ಹೋಗಬೇಕು. ಅಲ್ಲಿಂದ ಬರಲು ಸುಮಾರು 80 ನ್ಯಾನೋಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ರ್‍ಯಾಮ್‌ನ ಈ ವಿಳಂಬ ಇಷ್ಟು ವರ್ಷಗಳಲ್ಲಿ ಹೆಚ್ಚೇನೂ ಇಳಿದಿಲ್ಲ. 1 ಗಿಗಾಹರ್ಟ್ಸ್ ಚಿಪ್ಪಿಗೆ ಅದು 80 ಬಡಿತದ ಕಾಯುವಿಕೆ. 5 ಗಿಗಾಹರ್ಟ್ಸ್‌ಗೆ 400 ಬಡಿತ. 6.2ಕ್ಕೆ ಹತ್ತತ್ತಿರ 500. ಒಂದು ಬಡಿತವನ್ನು ಒಂದು ಸೆಕೆಂಡಿನಷ್ಟು ಹಿಗ್ಗಿಸಿ ನೋಡಿ: ಒಂದು ಸಣ್ಣ ಕೂಡು ಲೆಕ್ಕಕ್ಕೆ ಒಂದು ಸೆಕೆಂಡು ಸಾಕು, ಆ ಲೆಕ್ಕದ ಅಂಕಿ ರ್‍ಯಾಮ್‌ನಿಂದ ಬರಲು ಎಂಟು ನಿಮಿಷ. ಕ್ಲಾಕ್ ಏರಿಸಿದರೆ ಆ 80 ನ್ಯಾನೋಸೆಕೆಂಡ್ ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ಕೋರ್ ಇನ್ನೂ ಚುರುಕಾಗಿ ಕಾಯುತ್ತದೆ ಅಷ್ಟೇ!

ಚಿಪ್ಪು ಸುಮ್ಮನೆ ಕೈಕಟ್ಟಿ ಕೂರುವುದಿಲ್ಲ ಅನ್ನೋದೂ ನಿಜ. ಮುಂದೆ ಬೇಕಾಗುವುದನ್ನು ಊಹಿಸಿ ಮೊದಲೇ ತರಿಸಿಕೊಳ್ಳುತ್ತದೆ, ಕಾಯುವಾಗ ಬೇರೆ ಕೆಲಸ ಎತ್ತಿಕೊಳ್ಳುತ್ತದೆ. ಆದರೆ ಗೇಮ್‌ನಲ್ಲಿ ಯಾವ ವಸ್ತು ಎಲ್ಲಿದೆ, ಯಾರು ಯಾರನ್ನು ಮುಟ್ಟಿದರು ಅನ್ನುವ ಡೇಟಾ ಚೆಲ್ಲಾಪಿಲ್ಲಿಯಾಗಿ ಹರಡಿರುತ್ತದೆ, ಊಹೆ ಕೆಲಸಕ್ಕೆ ಬರುವುದಿಲ್ಲ. ಎಎಂಡಿ ಮಾಡಿದ್ದು ನೇರವಾದ ಕೆಲಸ: ಕ್ಯಾಶ್ ತುಂಬಿದ ಇನ್ನೊಂದು ಸಿಲಿಕಾನ್ ತುಂಡನ್ನು ಚಿಪ್ಪಿಗೆ ಅಂಟಿಸಿ ಎಲ್3 ಕ್ಯಾಶ್ 32 ಎಂಬಿಯಿಂದ 96 ಎಂಬಿಗೆ ಏರಿಸಿತು. 14900ಕೆಎಸ್‌ನಲ್ಲಿ ಇರೋದು 36 ಎಂಬಿ. ರ್‍ಯಾಮ್ ಕಡೆ ಹೋಗುವ ಪ್ರಯಾಣಗಳೇ ಕಮ್ಮಿಯಾದವು. 2022ರಲ್ಲಿ ಮೊದಲ ಸಲ ಬಂದ 5800ಎಕ್ಸ್3ಡಿಯನ್ನೇ ನೋಡಿ. ಅಣ್ಣ 5800ಎಕ್ಸ್ 4.7 ಗಿಗಾಹರ್ಟ್ಸ್‌ನವನು, ಇದು 4.5. ಕ್ಯಾಶ್ ತುಂಡು ಕೋರ್‌ಗಳ ತಲೆ ಮೇಲೆ ಕೂತಿದ್ದರಿಂದ ಬಿಸಿ ಹೊರಗೆ ಹೋಗಲು ಕಷ್ಟ, ಹಾಗಾಗಿ ಕ್ಲಾಕ್ ಇಳಿಸಲೇಬೇಕಿತ್ತು. ಇಳಿಸಿಯೂ ಗೇಮ್‌ನಲ್ಲಿ ಗೆದ್ದಿತು. 9800ಎಕ್ಸ್3ಡಿಯಲ್ಲಿ ಅದೇ ತುಂಡನ್ನು ಕೋರ್‌ಗಳ ಕೆಳಗೆ ಇಟ್ಟರು, ಕೋರ್‌ಗಳು ಕೂಲರ್‌ಗೆ ಹತ್ತಿರವಾದವು, ಕ್ಲಾಕ್ 5.2ಕ್ಕೆ ಏರಿತು. ಇದು ಎಂಜಿನಿಯರಿಂಗ್ ಅಂದರೆ.

ವಿಡಿಯೋ ಎನ್‌ಕೋಡಿಂಗ್, ರೆಂಡರಿಂಗ್ ಥರದ ಕೆಲಸಕ್ಕೆ ಇದೇ ಮಾತು ಹೇಳಿದರೆ ತಪ್ಪಾಗುತ್ತದೆ. ಅಲ್ಲಿ ಡೇಟಾ ಸಾಲಾಗಿ ಬರುತ್ತದೆ, ಕೋರ್ ಜಾಸ್ತಿ ಇದ್ದವರಿಗೇ ಲಾಭ, 24 ಕೋರ್‌ನ ಇಂಟೆಲ್ ಮುಂದೆ ಎಂಟು ಕೋರ್‌ನ 9800ಎಕ್ಸ್3ಡಿ ಹಿಂದೆ ಬೀಳುತ್ತದೆ.

ಮೂರನೆಯವರೂ ಈ ಜಗಳಕ್ಕೆ ಬಂದಿದ್ದಾರೆ. 2020ರ ನವೆಂಬರ್‌ನಲ್ಲಿ ಆಪಲ್‌ನ ಎಂ1 ಬರೀ 3.2 ಗಿಗಾಹರ್ಟ್ಸ್‌ನಲ್ಲಿ, ಫ್ಯಾನೇ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಕೂತು, ಒಂದು ಕೋರ್‌ನ ಪರೀಕ್ಷೆಗಳಲ್ಲಿ 5 ಗಿಗಾಹರ್ಟ್ಸ್ ಹತ್ತಿರದ ಚಿಪ್ಪುಗಳ ಭುಜಕ್ಕೆ ಭುಜ ಕೊಟ್ಟಿತು. ಒಂದು ಬಡಿತಕ್ಕೆ ಎಂಟು ಆದೇಶಗಳನ್ನು ಬಿಡಿಸುವಷ್ಟು ಅಗಲವಾದ ಕೋರ್ ಅದು. ಮಜಾ ಅಂದರೆ, ಈಗ ಆಪಲ್ ಕೂಡ ಮೆಲ್ಲಗೆ ಕ್ಲಾಕ್ ಏರಿಸುತ್ತಿದೆ, ಎಂ4 ಹತ್ತಿರ ಹತ್ತಿರ 4.5ರಲ್ಲಿ ಓಡುತ್ತದೆ. ಅಗಲ ಮಾಡುವುದಕ್ಕೂ ಒಂದು ಮಿತಿ ಇದೆಯಲ್ವಾ.

ಹಾಗಾದರೆ ಅಂಕಿ ಬಿಟ್ಟು ಪರೀಕ್ಷೆಯ ಫಲಿತಾಂಶ ನಂಬೋಣ ಅಂದರೆ, ಪರೀಕ್ಷೆ ಮಾಡಿಸಿದವರು ಯಾರು ಅಂತ ಮೊದಲು ನೋಡಿ. 2018ರ ಕಂಪ್ಯುಟೆಕ್ಸ್ ಮೇಳದಲ್ಲಿ ಇಂಟೆಲ್ 28 ಕೋರ್‌ನ ಚಿಪ್ಪನ್ನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿತು. ಅದನ್ನು ತಣ್ಣಗಿಡಲು ಕೈಗಾರಿಕೆಗೆ ಬಳಸುವ ಚಿಲ್ಲರ್ ಬೇಕಾಗಿತ್ತು ಅನ್ನೋದು ಆಮೇಲೆ ಹೊರಬಂತು, ಓವರ್‌ಕ್ಲಾಕ್ ಮಾಡಿದ್ದೆವು (ನಿಗದಿತ ವೇಗ ಮೀರಿಸಿ ಓಡಿಸಿದ್ದೆವು) ಅಂತ ವೇದಿಕೆ ಮೇಲೆ ಹೇಳುವುದು ಮರೆತುಹೋಯಿತು ಅಂತ ಕಂಪನಿ ಹೇಳಿಕೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಟೆಲ್ ದುಡ್ಡು ಕೊಟ್ಟು ಮಾಡಿಸಿದ ಗೇಮ್ ಪರೀಕ್ಷೆಯಲ್ಲಿ ಎಎಂಡಿಯ ಎಂಟು ಕೋರ್ ಚಿಪ್ಪನ್ನು ಅರ್ಧ ಕೋರ್ ಬಂದ್ ಆಗುವ ಮೋಡ್‌ನಲ್ಲಿ ಇಟ್ಟು ಅಳೆದಿದ್ದರು. ಮೋಡ್ ಹೆಸರೇ 'ಗೇಮ್ ಮೋಡ್' ಆದ್ದರಿಂದ ಗೊತ್ತಿಲ್ಲದೆ ಆಗಿರಲೂಬಹುದು. ಗಲಾಟೆಯಾದ ಮೇಲೆ ಮತ್ತೆ ಅಳೆದಾಗ ಅಂತರ ಕುಗ್ಗಿತು.

ಪೆಟ್ಟಿಗೆ ಮೇಲಿನ ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ 'ವರೆಗೆ' ಅಂತ ಇರುತ್ತದಲ್ಲ, ಅದನ್ನೂ ಓದಬೇಕು. 14900ಕೆಎಸ್‌ನ 6.2 ಬರುವುದು ಒಂದೆರಡು ಕೋರ್‌ಗಳಿಗೆ, ಸ್ವಲ್ಪ ಹೊತ್ತು, ಚಿಪ್ಪು ತಣ್ಣಗಿದ್ದರೆ. ಅದರ ಬೇಸ್ ಕ್ಲಾಕ್, ಅಂದರೆ ಬೂಸ್ಟ್ ಇಲ್ಲದ ಮೂಲ ವೇಗ, 3.2 ಗಿಗಾಹರ್ಟ್ಸ್. ಹೆಚ್ಚುಕಮ್ಮಿ ಇಬ್ಬರದೂ ಇದೇ ಕಥೆ.

2024ರ ಅಕ್ಟೋಬರ್‌ನಲ್ಲಿ ಇಂಟೆಲ್ ಕೋರ್ ಅಲ್ಟ್ರಾ 200ಎಸ್ ತಂದಾಗ ಕ್ಲಾಕ್ 5.7ಕ್ಕೆ ಇಳಿಸಿತು, ಲೆಕ್ಕ ಮಾಡುವ ಮುಖ್ಯ ತುಂಡನ್ನು ಟಿಎಸ್ಎಂಸಿಯಲ್ಲೇ ಮಾಡಿಸಿತು. ವಿದ್ಯುತ್ತು ಉಳಿಯಿತು. ಗೇಮ್‌ನಲ್ಲಿ ಮಾತ್ರ ತನ್ನದೇ ಹಳೇ ಚಿಪ್ಪಿಗಿಂತ ಹಿಂದೆ ಬಿದ್ದಿತು, ವಿಮರ್ಶಕರು ಬಿಡಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ, ಆಗಸ್ಟ್‌ನಲ್ಲಿ, ಎಎಂಡಿಗೂ ಇಂಥದೇ ಅನುಭವ ಆಗಿತ್ತು. ರೈಜೆನ್ 7 9700ಎಕ್ಸ್ ಚಿಪ್ಪನ್ನು 65 ವ್ಯಾಟ್ ಟಿಡಿಪಿಗೆ (ಬಿಸಿಯ ಲೆಕ್ಕದ ಮಿತಿಗೆ) ಹೊಂದಿಸಿ ತಂದರು. ತಣ್ಣಗಿತ್ತು, ಮಿತವಾಗಿತ್ತು, ಹಿಂದಿನದಕ್ಕಿಂತ ಸ್ವಲ್ಪವಷ್ಟೇ ವೇಗ. ಇಷ್ಟಕ್ಕಾ ಕಾದಿದ್ದು ಅಂತ ಎಲ್ಲ ಕಡೆ ಬೈಗುಳ. ಮುಂದಿನ ತಿಂಗಳೇ ಎಎಂಡಿ ಬಯಾಸ್ ಮೂಲಕ 105 ವ್ಯಾಟ್‌ಗೆ ಏರಿಸುವ ಆಯ್ಕೆ ಕೊಟ್ಟಿತು. ಎಲ್ಲ ಕೋರ್ ಒಟ್ಟಿಗೆ ದುಡಿಯುವ ಪರೀಕ್ಷೆಗಳಲ್ಲಿ ಸ್ಕೋರ್ ಸ್ವಲ್ಪ ಏರಿತು, ಬಿಸಿಯೂ ಏರಿತು. ಗೇಮ್‌ಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಬೈಗುಳ ಕಮ್ಮಿಯಾಯಿತು.